ಪುಸ್ತಕದ ಕಾಡನ್ನು ಪ್ರೀತಿಸುವ ಮಗುವಿಗೆ ನಿಜವಾದ ಕಾಡು ಬೇಸರ ತಂದರೆ?

ಪ್ರಶ್ನೆ: ಹೊಂಗೆನೆರಳು

ನನ್ನ ಮಗನಿಗೆ ಈಗ 11 ವರ್ಷ. ಕುಮಾವೂನಿನ ನರಭಕ್ಷಕ ಹುಲಿಗಳನ್ನು ಕುರಿತು ಜಿಮ್ ಕಾರ್ಬೆಟ್ ಬರೆದು 1944ರಲ್ಲಿ ಪ್ರಕಟವಾದ ಪುಸ್ತಕವನ್ನು ಅವನು ಹೊಲಿಗೆ ಬಿಟ್ಟು ಹಾಳೆಗಳು ಉದುರುವಷ್ಟು ಸಲ ಓದಿದ್ದಾನೆ. ಚಂಪಾವತ್‌ನ ಹೆಣ್ಣುಹುಲಿಯ ಅಧ್ಯಾಯವಂತೂ ಅವನಿಗೆ ಹೆಚ್ಚುಕಡಿಮೆ ಬಾಯಿಪಾಠವಾಗಿದೆ. ದೊಡ್ಡವನಾದ ಮೇಲೆ ಕಾಡಿನಲ್ಲೇ ಇರುತ್ತೇನೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದವನನ್ನು ಈಚೆಗೆ ಮೊದಲ ಬಾರಿಗೆ ಒಂದು ರಕ್ಷಿತಾರಣ್ಯಕ್ಕೆ ಕರೆದುಕೊಂಡು ಹೋಗಿದ್ದೆವು. ನಸುಕಿನಿಂದ ಕತ್ತಲಾಗುವವರೆಗೆ ಸುತ್ತಿದರೂ ಕಂಡದ್ದು ಜಿಂಕೆಗಳ ಹಿಂಡು, ರಸ್ತೆ ದಾಟಿದ ಒಂದು ಮುಂಗುಸಿ, ಮತ್ತೆ ಬರೀ ಮರಗಳು. ಹಿಂತಿರುಗುವಾಗ ಅವನು ತುಂಬ ಹೊತ್ತು ಸುಮ್ಮನಿದ್ದು, "ಅಮ್ಮಾ, ಪುಸ್ತಕದ ಕಾಡೇ ಚೆನ್ನಾಗಿದೆ" ಎಂದುಬಿಟ್ಟ.

ಬಾಲ್ಯದಲ್ಲಿ ಓದಿದ ಪುಸ್ತಕದಿಂದಲೇ ನನಗೂ ಕಾಡಿನ ಹಂಬಲ ಹತ್ತಿದ್ದರಿಂದ ಅವನ ಮಾತು ನನ್ನನ್ನು ನೋಯಿಸಿತು. ಓದಿನಿಂದ ಹುಟ್ಟಿದ ಪ್ರೀತಿಯನ್ನು ಬದುಕಿನುದ್ದಕ್ಕೂ ಉಳಿಸಿಕೊಂಡವರು ಇಲ್ಲಿ ಹಲವರಿದ್ದೀರಿ ಎಂದು ತಿಳಿದು ಕೇಳುತ್ತಿದ್ದೇನೆ. ನಿಮ್ಮ ಅಂಥ ಪ್ರೀತಿ ಈ ನಿರಾಸೆಯನ್ನು ದಾಟಿ ಬಂದದ್ದು ಹೇಗೆ? ಅಥವಾ ಅದು ಕಾಡಿನ ಮೇಲಿನ ಪ್ರೀತಿಯೇ ಅಲ್ಲ, ಕಥೆಯ ಮೇಲಿನ ಪ್ರೀತಿ ಮಾತ್ರ ಎನ್ನುವಿರಾ?

ಉತ್ತರ: ದಾರಿಹೋಕ

ನಿಮ್ಮ ಮಗನ ಮಾತಿನಲ್ಲಿ ಆತಂಕಪಡುವಂಥದ್ದು ನನಗೆ ಕಾಣಿಸುತ್ತಿಲ್ಲ. ಅವನು ಹೋಲಿಸಿದ್ದು ಎರಡು ಕಾಡುಗಳನ್ನಲ್ಲ, ಎರಡು ಬಗೆಯ ಕಾಲವನ್ನು. ಕಾರ್ಬೆಟ್ ಚಂಪಾವತ್‌ನ ಹುಲಿಯನ್ನು ಕೊಂದದ್ದು 1907ರಲ್ಲಿ, ಆ ಪುಸ್ತಕ ಹೊರಬಂದದ್ದು 37 ವರ್ಷಗಳ ನಂತರ. ನಡುವಿನ ಅಷ್ಟೂ ವರ್ಷಗಳ ಅಲೆದಾಟದಲ್ಲಿ ಏನೂ ನಡೆಯದ ದಿನಗಳು ಎಷ್ಟು ಇದ್ದಿರಬೇಕು ಎಂಬುದನ್ನು ಓದುವ ಹುಡುಗ ಊಹಿಸಲಾರ, ಏಕೆಂದರೆ ಅಂಥ ದಿನಗಳು ಪುಟಗಳಾಗಿ ಉಳಿಯುವುದಿಲ್ಲ.

ಆದರೂ ಅದೇ ಪುಸ್ತಕವನ್ನು ನೀವಿಬ್ಬರೂ ಇನ್ನೊಮ್ಮೆ ಜೊತೆಯಲ್ಲಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಈ ಸಲ ಹುಲಿಯನ್ನು ಬಿಟ್ಟು ಉಳಿದದ್ದನ್ನು ಗಮನಿಸಿ. ಗುಂಡು ಹಾರುವ ಸಾಲುಗಳು ಬೆರಳೆಣಿಕೆಯಷ್ಟು. ಮಿಕ್ಕದ್ದೆಲ್ಲ ನಡೆಯುವುದು, ಕೂರುವುದು, ಮಣ್ಣಿನ ಮೇಲಿನ ಗುರುತು ಯಾವ ಹೊತ್ತಿನದೆಂದು ಲೆಕ್ಕ ಹಾಕುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೊಡುವುದು. ಹುಲಿ ಎಲ್ಲಿದೆ ಎಂಬುದನ್ನು ಕಾರ್ಬೆಟ್‌ಗೆ ಹಲವು ಸಲ ತಿಳಿಸಿದ್ದು ಕಣ್ಣಲ್ಲ, ಬೇರೆ ಪ್ರಾಣಿಗಳ ಕೂಗು.

ಇದನ್ನು ನಾನು ಕಾಡಿನಲ್ಲಿ ಕುಳಿತು ಕಲಿಯಬೇಕಾಯಿತು. ಮರದ ತುದಿಯಲ್ಲಿರುವ ಮುಸುವಕ್ಕೆ ಕೆಳಗಿನ ಹುಲ್ಲು, ಪೊದೆ ಎಲ್ಲವೂ ಕಾಣಿಸುತ್ತಿರುತ್ತವೆ. ಹುಲಿಯೋ ಚಿರತೆಯೋ ಕಣ್ಣಿಗೆ ಬಿದ್ದ ಕೂಡಲೇ ಅದು ಚಿಗುರು ತಿನ್ನುವುದನ್ನು ಬಿಟ್ಟು ಗಂಟಲು ಹರಿದಂತೆ ಒರಟಾಗಿ ಕೆಮ್ಮಿ ಕೂಗುತ್ತದೆ. ಕೆಳಗಿನ ಚುಕ್ಕೆ ಜಿಂಕೆಗಳು ತಲೆಯೆತ್ತಿ ಒಂದೇ ದಿಕ್ಕಿಗೆ ಕಿವಿ ನೆಟ್ಟು ನಿಲ್ಲುತ್ತವೆ, ಬಾಲ ಮೇಲೇರುತ್ತದೆ, ಒಂದು ಮುಂಗಾಲನ್ನು ನೆಲಕ್ಕೆ ಕುಟ್ಟುತ್ತದೆ, ಮತ್ತೊಂದು ಕೀರಲಾಗಿ ಕೂಗುತ್ತದೆ. ಜಿಂಕೆ ಸಣ್ಣ ಸದ್ದಿಗೂ ಬೆಚ್ಚಿ ಕೂಗುವುದುಂಟು, ಹಾಗಾಗಿ ಅದರ ಒಂದು ಕೂಗನ್ನು ನಂಬಿ ಹೊರಡುವಂತಿಲ್ಲ. ಆದರೆ ಕಡವೆಯ ದಪ್ಪ ದನಿಯ ಕೂಗು ಬಿಟ್ಟೂಬಿಡದೆ ಕೇಳಿಬಂದರೆ ಕಾಡನ್ನು ಬಲ್ಲವರು ಮಾತು ನಿಲ್ಲಿಸುತ್ತಾರೆ. ಹುಲಿ ಆ ಹೊತ್ತಿಗೆ ಕಾಣಿಸಿಕೊಳ್ಳದೆ ಹೋಗಬಹುದು. ಆದರೂ ಅದು ಯಾವ ಕಡೆಯಿಂದ ಯಾವ ಕಡೆಗೆ ಸಾಗಿತೆಂಬುದು ಆ ಕೂಗುಗಳು ಸರಿಯುವ ದಿಕ್ಕಿನಿಂದಲೇ ತಿಳಿಯುತ್ತದೆ. ನಿಮ್ಮ ಮಗ ಜಿಂಕೆಗಳ ಹಿಂಡನ್ನು ಕಂಡನಲ್ಲವೆ? ಕಾರ್ಬೆಟ್‌ಗೆ ಅಷ್ಟು ಸಿಕ್ಕಿದ್ದರೆ ಒಂದು ಬೆಳಗಿನ ಕೆಲಸಕ್ಕೆ ಸಾಕಾಗುತ್ತಿತ್ತು.

ಉತ್ತರ: ಮಿಂಚುಳ್ಳಿ

ದಾರಿಹೋಕರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳುತ್ತೇನೆ. ಮಗು ಪ್ರೀತಿಸುವ ಪುಸ್ತಕವನ್ನು ಪಠ್ಯವನ್ನಾಗಿ ಮಾಡಬೇಡಿ. ಅವನು ಹುಲಿಗಾಗಿಯೇ ಓದಲಿ.

ಪುಸ್ತಕ ಕಾಡನ್ನು ಇದ್ದಂತೆ ತೋರಿಸಿದ್ದರೆ ಮಾತ್ರ ನಿಜವಾದ ಪ್ರೀತಿ ಹುಟ್ಟುತ್ತದೆ ಎಂಬುದೂ ಸರಿಯಲ್ಲ. ಚಿಂಪಾಂಜಿಗಳ ಅಧ್ಯಯನಕ್ಕೆ ಹೊಸ ದಾರಿ ತೆರೆದ ಜೇನ್ ಗುಡಾಲ್ ಅವರಿಗೆ ಬಾಲ್ಯದಲ್ಲಿ ಆಫ್ರಿಕದ ಹುಚ್ಚು ಹಿಡಿಸಿದ್ದು ಡಾಕ್ಟರ್ ಡೂಲಿಟಲ್ ಮತ್ತು ಟಾರ್ಜಾನ್ ಪುಸ್ತಕಗಳು. ಒಂದರಲ್ಲಿ ವೈದ್ಯನೊಬ್ಬ ಪ್ರಾಣಿಗಳೊಡನೆ ಮಾತನಾಡುತ್ತಾನೆ, ಇನ್ನೊಂದನ್ನು ಬರೆದ ಎಡ್ಗರ್ ರೈಸ್ ಬರೋಸ್ ಆಫ್ರಿಕಕ್ಕೆ ಕಾಲಿಟ್ಟವರೇ ಅಲ್ಲ. ಆ ಕಲ್ಪನೆಯ ಕಾಡನ್ನು ನಂಬಿಕೊಂಡ ಹುಡುಗಿ ಹೋಟೆಲಿನಲ್ಲಿ ಪರಿಚಾರಿಕೆಯ ಕೆಲಸ ಮಾಡಿ ಹಡಗಿನ ಖರ್ಚಿಗೆ ಹಣ ಕೂಡಿಟ್ಟು, 1957ರಲ್ಲಿ ಕೀನ್ಯಾ ತಲುಪಿ, 1960ರಲ್ಲಿ ಈಗಿನ ತಾಂಜಾನಿಯಾದಲ್ಲಿರುವ ಗೊಂಬೆ ಎಂಬ ಹೆಸರಿನ ಕಾಡಿಗೆ ಹೋದರು. ಅಲ್ಲಿಯೂ ಮೊದಲ ತಿಂಗಳುಗಳಲ್ಲಿ ಚಿಂಪಾಂಜಿಗಳು ಅವರನ್ನು ಕಂಡರೆ ಓಡಿಹೋಗುತ್ತಿದ್ದವು. ದೂರದ ಎತ್ತರದಲ್ಲಿ ಬೈನಾಕ್ಯುಲರ್ ಹಿಡಿದು ಕುಳಿತು, ಅವು ತಮ್ಮನ್ನು ಒಪ್ಪಿಕೊಳ್ಳುವವರೆಗೆ ಅವರು ಕಾದರು. ಡೇವಿಡ್ ಗ್ರೇಬಿಯರ್ಡ್ ಎಂದು ಅವರು ಹೆಸರಿಟ್ಟ ಗಂಡು ಚಿಂಪಾಂಜಿ ಮೊದಲು ಅಂಜಿಕೆ ಬಿಟ್ಟಿತು. ಅದು ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ, ಕಚ್ಚಿಕೊಂಡು ಮೇಲೆ ಬಂದ ಗೆದ್ದಲನ್ನು ತಿನ್ನುವುದನ್ನು ಅವರು ಆ ವರ್ಷವೇ ಕಂಡರು. ಉಪಕರಣ ಬಳಸುವುದು ಮನುಷ್ಯನೊಬ್ಬನಿಗೇ ಮೀಸಲು ಎಂಬ ನಂಬಿಕೆ ಅದರಿಂದ ಬಿದ್ದುಹೋಯಿತು.

ಟಾರ್ಜಾನ್ ಅವರಿಗೆ ಕಾಯುವುದನ್ನು ಕಲಿಸಿರಲಾರ. ಅಲ್ಲಿಗೆ ಹೋಗಲೇಬೇಕು ಎಂಬ ಛಲವನ್ನು ಮಾತ್ರ ಕೊಟ್ಟ. ಬಾಲ್ಯದ ಪುಸ್ತಕಕ್ಕೆ ಅಷ್ಟು ಕೆಲಸ ಸಾಕು ಎಂದು ನನ್ನ ಅನಿಸಿಕೆ.

ಉತ್ತರ: ಹಳೆಯಪುಟ

ಛಲ ಸಾಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ನನ್ನ ಮಟ್ಟಿಗೆ ಪುಸ್ತಕ ಕಲಿಸಿದ್ದು ಕಾಯುವುದನ್ನೇ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ವನ್ನು ಇಲ್ಲಿ ಬಹುಪಾಲು ಜನ ಓದಿರುತ್ತೀರಿ. ಜೇನು ಹಿಡಿಯುವ ಮಂದಣ್ಣನನ್ನು ಊರವರು ಪೆದ್ದನೆಂದುಕೊಂಡಿದ್ದರೆ, ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಮೊದಲ ಓದಿನಲ್ಲಿ ನನಗೆ ಹಾರುವ ಓತಿಯ ಬೇಟೆಯೇ ಮುಖ್ಯವಾಗಿತ್ತು. ಮತ್ತೆ ಮತ್ತೆ ಓದಿದಾಗ ಮನಸ್ಸಿನಲ್ಲಿ ನಿಂತದ್ದು ಮಂದಣ್ಣನ ಕಣ್ಣು. ಎಲ್ಲರೂ ದಿನವೂ ಓಡಾಡುವ ಜಾಗದಲ್ಲಿ ಯಾರಿಗೂ ಕಾಣದ್ದು ಅವನಿಗೆ ಕಾಣಿಸುತ್ತದೆ.

ಮುಂದೆ ನಾನೂ ಆ ಓತಿಯನ್ನು ಹುಡುಕಿಕೊಂಡು ಹೋದೆ. ಪುಸ್ತಕ ಓದಿದ್ದರಿಂದ ಅದು ಮರದಿಂದ ಮರಕ್ಕೆ ತೇಲುವುದನ್ನೇ ನಿರೀಕ್ಷಿಸುತ್ತ ಕತ್ತೆತ್ತಿ ನಿಂತಿರುತ್ತಿದ್ದೆ. ಅದು ಮಾತ್ರ ಕಣ್ಣಿನ ಮಟ್ಟದಲ್ಲೇ, ಕೈಗೆಟಕುವ ದೂರದ ಕಾಂಡಕ್ಕೆ ಅಂಟಿಕೊಂಡಿತ್ತು. ಕಲ್ಲುಹೂವಿನ ಬೂದು, ತೊಗಟೆಯ ಕಂದು, ಅದರ ಮೈಯ ಬಣ್ಣ ಮೂರೂ ಒಂದರೊಳಗೊಂದು ಬೆರೆತಿದ್ದವು. ಗಂಡು ಓತಿ ಗಂಟಲ ಕೆಳಗಿನ ತೆಳುವಾದ ಹಳದಿ ಚೀಲವನ್ನು ಒಮ್ಮೆ ಮುಂದಕ್ಕೆ ಚಾಚಿ ಮಡಿಸಿಕೊಂಡಿತು. ಆಗಲೇ ಅಲ್ಲೊಂದು ಜೀವವಿದೆ ಎಂದು ತಿಳಿದದ್ದು. ಆಮೇಲೆ ಅದು ಸಾಲುಗಟ್ಟಿದ್ದ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತ ಮೇಲೇರಿತು. ತುಂಬ ಹೊತ್ತಿನ ಮೇಲೆ, ನೀಳವಾದ ಪಕ್ಕೆಲುಬುಗಳು ಬಿಚ್ಚಿಕೊಂಡು ಅವುಗಳ ನಡುವಿನ ಚರ್ಮ ಬಿಗಿಯಾಗಿ, ಇಡೀ ಮೈ ಹಾಳೆಯಂತೆ ಚಪ್ಪಟೆಯಾಗಿ ಆಚೆಯ ಮರಕ್ಕೆ ಜಾರಿಹೋಯಿತು. ರೆಕ್ಕೆ ಬಡಿಯಲಿಲ್ಲ, ಸದ್ದೂ ಇರಲಿಲ್ಲ. ಆ ಕ್ಷಣಕ್ಕಿಂತ ಅದಕ್ಕೆ ಮೊದಲಿನ ಇರುವೆ ನೆಕ್ಕುವ ಹೊತ್ತೇ ನನಗೆ ಹೆಚ್ಚು ಪ್ರಿಯವಾಯಿತು ಎಂಬುದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ.

ಹೊಂಗೆನೆರಳು ಅವರೇ, 'ಕರ್ವಾಲೊ'ದ ಕೊನೆಯಲ್ಲಿ ಅಷ್ಟು ಕಷ್ಟಪಟ್ಟು ಹುಡುಕಿದ ಪ್ರಾಣಿ ಯಾರ ಕೈಗೂ ಸಿಗದೆ ಕಣಿವೆಯ ಶೂನ್ಯಕ್ಕೆ ಜಿಗಿದುಬಿಡುತ್ತದೆ. ಸಿಗದೆ ಹೋಗುವುದನ್ನೇ ಕಥೆಯ ತುದಿಗೇರಿಸಿದ ಇಂಥ ಪುಸ್ತಕ ನಿಮ್ಮ ಮಗನಿಗೆ ಈಗ ಸರಿಯಾದ ಎರಡನೆಯ ಪುಸ್ತಕವಾಗಬಹುದು.

ಉತ್ತರ: ತೊರೆದಂಡೆ

ಎಲ್ಲರೂ ಕಾಡಿಗೆ ಹೋಗುವುದನ್ನೇ ಪ್ರೀತಿಯ ಪರೀಕ್ಷೆ ಎಂಬಂತೆ ಮಾತನಾಡುತ್ತಿರುವುದು ನನಗೆ ಸ್ವಲ್ಪ ಕಳವಳ ತರುತ್ತದೆ. ಪುಸ್ತಕ ಓದಿ ಉತ್ಸಾಹಗೊಂಡವರೆಲ್ಲ ಒಂದೇ ಹುಲಿಯ ಸುತ್ತ ವಾಹನಗಳನ್ನು ಸಾಲುಗಟ್ಟಿಸುವುದನ್ನು ನಾವೆಲ್ಲ ಕಂಡಿದ್ದೇವೆ. ನೋಡಲೇಬೇಕೆಂಬ ಆಸೆ ಅತಿಯಾದಾಗ ಪ್ರೀತಿಸಿದ್ದಕ್ಕೇ ಪೆಟ್ಟು ಬೀಳುತ್ತದೆ.

ಆಲ್ಡೊ ಲಿಯೊಪೋಲ್ಡ್ ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದಾಗ, ತರುಣ ವಯಸ್ಸಿನಲ್ಲಿ, ತೋಳಗಳು ಕಡಿಮೆಯಾದರೆ ಜಿಂಕೆಗಳು ಹೆಚ್ಚುತ್ತವೆ ಎಂದು ನಂಬಿ ತೋಳಗಳಿಗೆ ಗುಂಡಿಕ್ಕಿದವರು. ಸಾಯುತ್ತಿದ್ದ ಹೆಣ್ಣುತೋಳವೊಂದರ ಕಣ್ಣುಗಳಲ್ಲಿ ಹಸಿರು ಕಾಂತಿ ಆರಿಹೋದದ್ದನ್ನು ಅವರು ಬಹಳ ವರ್ಷಗಳ ನಂತರ ಬರೆದರು. ತೋಳಗಳಿಲ್ಲದ ಬೆಟ್ಟದಲ್ಲಿ ಜಿಂಕೆಗಳು ಮಿತಿಮೀರಿ ಚಿಗುರನ್ನೆಲ್ಲ ಮೇಯ್ದು, ಕೊನೆಗೆ ತಾವೇ ಹಸಿವಿನಿಂದ ಸಾಯುವುದನ್ನು ಅಷ್ಟರಲ್ಲಿ ಅವರು ಕಂಡಿದ್ದರು. ಅವರ ಒತ್ತಾಯದಿಂದ 1924ರಲ್ಲಿ ನ್ಯೂ ಮೆಕ್ಸಿಕೊದ ಹಿಲಾ ಅರಣ್ಯದ ದೊಡ್ಡ ಭಾಗವೊಂದನ್ನು ರಸ್ತೆ, ಕಟ್ಟಡ ಯಾವುದೂ ಇಲ್ಲದ ವನ್ಯಪ್ರದೇಶವಾಗಿ ಉಳಿಸಲಾಯಿತು. ಆದರೆ ಅವರ ಪ್ರಸಿದ್ಧ ಪುಸ್ತಕದ ಮೊದಲ ಭಾಗ ನಡೆಯುವುದು ಅಂಥ ವಿಸ್ತಾರದಲ್ಲಲ್ಲ, ಸಾರ ಕಳೆದುಕೊಂಡಿದ್ದ ಒಂದು ಹೊಲದಲ್ಲಿ. 1935ರಲ್ಲಿ ಆ ಹಾಳುಬಿದ್ದ ನೆಲವನ್ನು ಕೊಂಡು, ಅಲ್ಲಿದ್ದ ಕೋಳಿಗೂಡನ್ನೇ ಗುಡಿಸಲು ಮಾಡಿಕೊಂಡು, ಹೆಂಡತಿ ಮಕ್ಕಳೊಡನೆ ರಜೆಯ ದಿನಗಳಲ್ಲೆಲ್ಲ ಅವರು ಸಾವಿರಾರು ಗಿಡಗಳನ್ನು ನೆಟ್ಟರು. 1948ರಲ್ಲಿ ಪಕ್ಕದ ಜಮೀನಿಗೆ ಬಿದ್ದ ಹುಲ್ಲಿನ ಬೆಂಕಿಯನ್ನು ಆರಿಸುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಪುಸ್ತಕ ಹೊರಬಂದದ್ದು ಮರುವರ್ಷ.

ಹುಲಿಯೇ ಬೇಕೆನ್ನುವ ಮಗುವಿನೊಡನೆ ಒಂದು ತುಂಡು ನೆಲವನ್ನು ಎಲ್ಲ ಋತುಗಳಲ್ಲೂ ಗಮನಿಸುತ್ತ ಬನ್ನಿ ಎಂದು ನಾನು ಹೇಳುತ್ತೇನೆ. ಅಲ್ಲಿ ಯಾವ ಹಕ್ಕಿ ಯಾವಾಗ ಬರುತ್ತದೆ, ಯಾವ ಗಿಡ ಮೊದಲು ಹೂ ಬಿಡುತ್ತದೆ ಎಂಬುದನ್ನು ಬಲ್ಲವನು ಹುಲಿಯ ಕಾಡನ್ನು ಕಾಣದೆಯೂ ಅದರ ಪರವಾಗಿ ನಿಲ್ಲಬಲ್ಲ. ಅಮೆರಿಕದಲ್ಲಿ 1964ರಲ್ಲಿ ಬಂದ ವನ್ಯಪ್ರದೇಶ ಕಾಯಿದೆಯು ಮೊದಲ ಹಂತದಲ್ಲೇ ಸುಮಾರು 91 ಲಕ್ಷ ಎಕರೆಯನ್ನು ರಕ್ಷಿಸಿತು. ಅದಕ್ಕಾಗಿ ದನಿಯೆತ್ತಿದವರಲ್ಲಿ ಆ ನೆಲವನ್ನೆಲ್ಲ ಸುತ್ತಿ ಬಂದವರು ಎಷ್ಟು ಮಂದಿ ಇದ್ದಾರು?

ಹೊಂಗೆನೆರಳು

ಎಲ್ಲರಿಗೂ ಧನ್ಯವಾದಗಳು. ಮುಸುವದ ಕೂಗಿನ ಭಾಗವನ್ನು ಮಗನಿಗೆ ಓದಿ ಹೇಳಿದೆ. "ನಾವು ಹೋದಾಗ ಕೋತಿಗಳು ಕೂಗಿದವಲ್ಲ, ಡ್ರೈವರ್ ಅಂಕಲ್ ಮಾತನಾಡುತ್ತಲೇ ಇದ್ದರು" ಎಂದ. ನನಗೆ ಅದು ಕೇಳಿಸಿದ ನೆನಪೂ ಇರಲಿಲ್ಲ. ಮಿಂಚುಳ್ಳಿಯವರು ಹೇಳಿದಂತೆ ಅದನ್ನು ಪಾಠ ಮಾಡಲು ಹೋಗದೆ ಅಲ್ಲಿಗೇ ಬಿಟ್ಟೆ. ಇನ್ನೊಂದು ಪ್ರಶ್ನೆ: ಅವನಿಗಲ್ಲ, ನನಗೆ ಓದಲು ಏನನ್ನಾದರೂ ಸೂಚಿಸುವಿರಾ? ಅವನೊಡನೆ ಮತ್ತೆ ಹೋಗುವ ಮೊದಲು ನನ್ನ ನಿರೀಕ್ಷೆಗಳನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ.

ಉತ್ತರ: ದಾರಿಹೋಕ

ಹಾಗಿದ್ದರೆ ಪೀಟರ್ ಮ್ಯಾಥಿಸನ್ ಅವರು ಹಿಮಚಿರತೆಯನ್ನು ಕುರಿತು ಬರೆದ, 1978ರಲ್ಲಿ ಪ್ರಕಟವಾದ ಪುಸ್ತಕವನ್ನು ಓದಿ. 1973ರ ಶರತ್ಕಾಲದಲ್ಲಿ ಅವರು ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಜೊತೆ ನೇಪಾಳದ ಡೋಲ್ಪೊ ಪ್ರದೇಶಕ್ಕೆ ನಡೆದುಹೋದರು. ಶಾಲರ್ ಅವರಿಗೆ ಅಲ್ಲಿನ ನೀಲಿಕುರಿಗಳ ಅಧ್ಯಯನ ಮುಖ್ಯವಾಗಿತ್ತು, ಹಿಮಚಿರತೆಯನ್ನು ಕಾಣುವ ಆಸೆ ಇಬ್ಬರಿಗೂ ಇತ್ತು. ಹೆಂಡತಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ದುಃಖದಲ್ಲಿಯೇ ಹೊರಟಿದ್ದ ಮ್ಯಾಥಿಸನ್ ಹಿಮದ ಮೇಲೆ ಅದರ ಹೆಜ್ಜೆಗಳನ್ನು ಕಂಡರು, ಲದ್ದಿಯನ್ನು ಕಂಡರು, ಅದು ಹತ್ತಿರದಲ್ಲೇ ಇದೆ ಎಂಬುದನ್ನು ಬಲ್ಲವರಾದರು. ಪ್ರಾಣಿಯನ್ನು ಮಾತ್ರ ಕಾಣಲಿಲ್ಲ. ದಿನಚರಿಯ ರೂಪದಲ್ಲಿರುವುದರಿಂದ ದಿನಕ್ಕೆ ಕೆಲವೇ ಪುಟಗಳಂತೆ ನಿಧಾನವಾಗಿ ಓದಬಹುದು. ಸಾವು, ಬೌದ್ಧಧರ್ಮ ಇವುಗಳ ಬಗೆಗಿನ ದೀರ್ಘ ಚಿಂತನೆಗಳಿರುವುದರಿಂದ ನಿಮ್ಮ ಮಗನಿಗೆ ಇನ್ನೂ ಕೆಲವು ವರ್ಷ ಬೇಡ.

ಅವನಿಗೆ ಕೊಡುವುದಿದ್ದರೆ ಬಾಲ್ಯದಲ್ಲಿ ಕಾಡಿನ ದನಿಗಳನ್ನು ಕಲಿತ ಬಗೆಯನ್ನು ಕಾರ್ಬೆಟ್ ಹೇಳಿಕೊಂಡಿರುವ 1953ರ ಪುಸ್ತಕ ಕೊಡಿ. ಮತ್ತೆ ಕಾಡಿಗೆ ಹೋದಾಗ, ಸಾಧ್ಯವಾದರೆ, ಕೂಗು ಕೇಳಿದೊಡನೆ ವಾಹನದ ಎಂಜಿನ್ ಆರಿಸಿ ಸ್ವಲ್ಪ ಹೊತ್ತು ನಿಲ್ಲಿಸುವ ಚಾಲಕರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಮುಸುವ ಕೂಗಿದ್ದನ್ನು ನಿಮ್ಮ ಮಗ ಆಗಲೇ ಕೇಳಿಸಿಕೊಂಡಿದ್ದಾನೆ.