ಓದುಗರ ಸ್ಪಂದನ: ಮಗಳಿಗೆ ಕ್ಯಾಟಿಕಿಸಂ ಕ್ಲಾಸೇ ಬೇಕಂತೆ!

ಕಳೆದ ಸಂಚಿಕೆಯ ಸಮಸ್ಯೆ: ನಮ್ಮದು ಮಂಗಳೂರಿನ ಹತ್ತಿರದ ಊರು. ಮಗಳು ಕಾನ್ವೆಂಟ್ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಕ್ಯಾಥೊಲಿಕ್ ಮಕ್ಕಳಿಗೆ ಕ್ಯಾಟಿಕಿಸಂ, ಅಂದರೆ ಅವರ ಧರ್ಮದ ಪಾಠ, ನಡೆಯುವಾಗ ನಮ್ಮ ಮಕ್ಕಳಿಗೆ ಮಾರಲ್ ಸೈನ್ಸ್. ಇವಳೀಗ ಗೆಳತಿಯ ಜೊತೆ ಅಲ್ಲಿಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ನಮ್ಮವರು ಟಿ.ಸಿ. ತರ್ತೀನಿ ಅಂತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಏನು ಮಾಡಲಿ?

* * *

ತಂಗೀ, ಮೊದಲು ಟಿ.ಸಿ. ಮಾತು ಬಿಡಿ. ನಾನು 22 ವರ್ಷ ಇಂಥದ್ದೇ ಶಾಲೆಯಲ್ಲಿ ಗಣಿತ ಕಲಿಸಿದವಳು. ಮಾರಲ್ ಸೈನ್ಸ್ ಪೀರಿಯಡ್ಡನ್ನೂ ನನ್ನ ತಲೆಗೇ ಕಟ್ಟಿದ್ದರು. ನಿಜ ಹೇಳಲಾ? ನನ್ನ ಕ್ಲಾಸು ಬೋರು. ಪ್ರಾಮಾಣಿಕತೆಯ ಮೇಲೊಂದು ಕಥೆ ಓದಿಸುವುದು, ಐದು ಪ್ರಶ್ನೆಗೆ ಉತ್ತರ ಬರೆಸುವುದು. ಪರೀಕ್ಷೆ ಹತ್ತಿರ ಬಂದರೆ ಆ ಹೊತ್ತಿನಲ್ಲೂ ಲೆಕ್ಕ ಮಾಡಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಸಿಸ್ಟರ್ ಗಿಟಾರ್ ಹಿಡಿದು ಹಾಡಿಸುತ್ತಿದ್ದರು. ಗೋಡೆ ಮೇಲೆ ಬೈಬಲಿನ ನೋಹನ ನಾವೆಯ ಚಾರ್ಟು, ಅದರಲ್ಲಿ ಜೋಡಿ ಜೋಡಿ ಪ್ರಾಣಿ. ನನ್ನ ಮಕ್ಕಳ ಕಿವಿಯೆಲ್ಲ ಗೋಡೆಯಾಚೆ! ನಿಮ್ಮ ಮಗಳಿಗೆ ಬೇಕಿರುವುದು ಧರ್ಮವೋ, ಹಾಡೋ, ಗೆಳತಿಯ ಪಕ್ಕದ ಜಾಗವೋ? ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಬಟ್ಟೆ ಮಡಿಸುತ್ತಾ ಸುಮ್ನೆ ಕೇಳಿ ನೋಡಿ.
– ನಿವೃತ್ತ ಶಿಕ್ಷಕಿ, ಉಡುಪಿ

* * *

ಅಕ್ಕಾ, ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನನ್ನ ಮಗನನ್ನು ದೊತೊರ್ನಿಗೆ (ಕ್ಯಾಟಿಕಿಸಂಗೆ ನಾವು ಕೊಂಕಣಿಯಲ್ಲಿ ಹೇಳೋದು ಹಾಗೆ) ಕೂರಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಹತ್ತು ಕಟ್ಟಳೆ, ಏಳು ಸಂಸ್ಕಾರ, ಜಪಮಾಲೆ, ಇದೇ ಪಾಠ. ಕಂಠಪಾಠ ಜಾಸ್ತಿ. ಅದು ನಮ್ಮ ಮಕ್ಕಳಿಗೆ ನಮ್ಮದನ್ನು ಕಲಿಸುವ ಕ್ಲಾಸು, ಬೇರೆಯವರನ್ನು ಸೇರಿಸಿಕೊಳ್ಳುವುದಕ್ಕಲ್ಲ. ನಾಲ್ಕು ವಾರ ಕೂತರೆ ನಿಮ್ಮ ಮಗಳೇ ವಾಪಸ್ ಬಂದಾಳು. ಮಕ್ಕಳು ಮಾತೆ ಮರಿಯಳಿಗೆ ಹೂವು ಅರ್ಪಿಸುವ ನಮ್ಮ ಮೊಂತಿ ಫೆಸ್ತ್ ಹಬ್ಬ ಬಂದರೆ ನಮ್ಮ ಪಕ್ಕದ ಮನೆ ಹುಡುಗಿ ತನ್ನ ಅಂಗಳದ ಹೂವನ್ನೇ ಕಿತ್ತು ನನ್ನ ಮಗನ ತಟ್ಟೆ ತುಂಬಿಸುತ್ತಾಳೆ. ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ಹೊಸ ಅಕ್ಕಿ ಊಟ, ಚೌತಿಗೆ ಅವರ ಮನೆಯ ಕಡುಬು. ಯಾರೂ ಎಲ್ಲಿಗೂ ಹೋಗಿಲ್ಲ.
– ಒಬ್ಬ ತಾಯಿ, ಮೂಡುಬಿದಿರೆ

* * *

ಮೇಡಂ, ಇಲ್ಲಿ ತೀರ್ಮಾನ ಶಾಲೆಯದಲ್ಲ, ನಿಮ್ಮದು. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಆದರೆ 28(3)ನೇ ವಿಧಿ ನೋಡಿ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. 2024ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯೇ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಅಂತೆಲ್ಲ ಅದರಲ್ಲಿದೆ. ಹೆಡ್‌ಮಿಸ್ಟ್ರೆಸ್‌ಗೆ ಒಂದು ಪತ್ರ ಕೊಡಿ, ಬೇಡ ಅಂತಲೋ ಆಗಲಿ ಅಂತಲೋ. ಹಾಗೇ ಅಡ್ಮಿಷನ್ ಫಾರ್ಮ್ ತೆಗೆದು ಯಾವುದಕ್ಕೆಲ್ಲ ಸಹಿ ಹಾಕಿದ್ದೀರಿ ನೋಡಿ. ನಾವೆಲ್ಲ ಓದದೇ ಹಾಕುತ್ತೇವೆ. ವಕೀಲನಾಗಿ ನಾನೂ ಹಾಕಿದ್ದೆ!
– ಒಬ್ಬ ವಕೀಲ, ಬೆಂಗಳೂರು

* * *

ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಮನೆಯಲ್ಲಿ ಸಂಜೆ ದೀಪ ಯಾಕೆ ಹಚ್ಚುತ್ತೀರಿ ಅಂತ ಮಗಳಿಗೆ ಎಂದಾದರೂ ಹೇಳಿದ್ದೀರಾ? ಮೊದಲು ಅದಾಗಲಿ. ಟಿ.ಸಿ. ಮಾತ್ರ ಬೇಡ. ಇದೇ ಹೊತ್ತಿನಲ್ಲಿ ಶಾಲೆ ಬದಲಿಸಿ ನಮ್ಮಣ್ಣನ ಮಗ ಒದ್ದಾಡಿದ್ದನ್ನು ಕಂಡಿದ್ದೇನೆ.
– ಒಬ್ಬ ತಂದೆ, ಹಾಸನ

* * *

ನಾನು ಕರಾವಳಿಯ ಬ್ಯಾರಿ ಮುಸ್ಲಿಂ ಮನೆಯ ಹುಡುಗಿ. ಒಂಬತ್ತರಲ್ಲಿ ನಾನೂ ಹೀಗೇ ಹಟ ಹಿಡಿದಿದ್ದೆ. ಸಿಸ್ಟರ್ "ಮನೆಯಿಂದ ಚೀಟಿ ತಾ" ಅಂದರು. ಉಪ್ಪ (ಅಪ್ಪ) ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಬರೆದುಕೊಟ್ಟರು. ಹೋದರೆ ಅಲ್ಲಿ ಬೈಬಲಿನ ಮೋಶೆಯ ಕಥೆ. ಮದ್ರಸದಲ್ಲಿ ಕೇಳಿದ ಮೂಸಾ ಇವರೇ ಅಲ್ವಾ ಅಂತ ಜೋರಾಗಿ ಕೇಳಿಬಿಟ್ಟೆ. ಸಿಸ್ಟರ್ ನನ್ನನ್ನೇ ಮುಂದೆ ನಿಲ್ಲಿಸಿ, ನಾನು ಕೇಳಿದ ಕಥೆ ಹೇಳಿಸಿದರು. ಅಷ್ಟರಲ್ಲಿ ಬೆಲ್ ಆಯ್ತು. ಗೆಳತಿ ಅವತ್ತು ಹೋಂವರ್ಕ್ ಮಾಡಿರಲಿಲ್ಲ. ಬಚಾವಾದ ಖುಷಿಗೆ ನನಗೊಂದು ಐಸ್ ಕ್ಯಾಂಡಿ ಕೊಡಿಸಿದಳು.
– ಹಳೆಯ ವಿದ್ಯಾರ್ಥಿನಿ, ದುಬೈ