ಕಟ್ಟಿ ಮುಗಿಸಿದ ವಿಮಾನಕ್ಕೆ ಹೊರದೀಪ ಕೂರಿಸುವುದು: ಅನುಭವ ಇದ್ದವರು ತಿಳಿಸಿ

ಸಕಲೇಶಪುರದಿಂದ ಪ್ರಶ್ನೆ:
ತೋಟದ ಶೆಡ್ಡಿನಲ್ಲಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನವೊಂದನ್ನು ಕಿಟ್ ತರಿಸಿ ಕಟ್ಟಿದ್ದೇನೆ. ರೆಕ್ಕೆಗಳಿಗೆ ತಗಡು ಹೊದಿಸಿ ರಿವೆಟ್ ಹೊಡೆದು ಬಣ್ಣವೂ ಆಗಿದೆ. ದೀಪಗಳ ಯೋಚನೆ ಈಗ ಬಂದಿದೆ. ರೆಕ್ಕೆ ಬಿಚ್ಚದೆ ಹಾಕಲು ಸಾಧ್ಯವೇ?

ಹಾಸನದಿಂದ ಉತ್ತರ:
ಸಾಧ್ಯವಿದೆ. ವಿಮಾನಗಳ ವಿದ್ಯುತ್ ಕೆಲಸದಿಂದ ನಿವೃತ್ತನಾದ ಮೇಲೆ ಇಂಥದೇ ಒಂದಕ್ಕೆ ದೀಪ ಕೂರಿಸಿಕೊಟ್ಟಿದ್ದೇನೆ. ದೀಪ ಕೊಳ್ಳುವ ಮೊದಲು ವೈರಿನ ದಾರಿ ಹುಡುಕಿ. ರೆಕ್ಕೆತುದಿಯ ಫೈಬರ್ ಭಾಗವನ್ನೂ ಕೆಳಗಿನ ತಪಾಸಣೆಯ ಮುಚ್ಚಳಗಳನ್ನೂ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳಲ್ಲಿರುವ ತೂತುಗಳು ಕಾಣುತ್ತವೆ. ಒಳಗಿನ ತೂತುಗಳಿಗೆ ಕೈ ಎಟುಕದೆ ರಬ್ಬರ್ ಬುಷ್ ಹಾಕಲಾಗುವುದಿಲ್ಲ. ಬುಷ್ ಇಲ್ಲದಿದ್ದರೆ ಎಂಜಿನ್ನಿನ ಅದುರಿಗೆ ತಗಡಿನ ಅಂಚು ವೈರನ್ನು ಕೊಯ್ಯುತ್ತದೆ. ಆದ್ದರಿಂದ ಮೊದಲು ಹಗುರವಾದ ಸುಕ್ಕುಪೈಪನ್ನು ತೂರಿಸಿ, ಮನೆ ವೈರಿಂಗಿನವರು ಬಳಸುವ ನೈಲಾನ್ ಸ್ಪ್ರಿಂಗಿನಿಂದ ಅದರೊಳಗೆ ವೈರ್ ಎಳೆದೆ. ಉಕ್ಕಿನ ಸ್ಪ್ರಿಂಗ್ ಬೇಡ. ಅದು ಪ್ರೈಮರ್ ಗೀರಿದರೆ ಮಲೆನಾಡಿನ ತೇವಕ್ಕೆ ತಗಡು ಅಲ್ಲಿಂದಲೇ ಸವೆಯುತ್ತದೆ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಏಲರಾನ್ ಅನ್ನು ನಡೆಸುವ ದಂಡಕ್ಕೆ ಪೈಪು ಯಾವ ಸ್ಥಿತಿಯಲ್ಲೂ ತಾಗಬಾರದು. ಕಂಟ್ರೋಲ್ ಸ್ಟಿಕ್ಕನ್ನು ಎರಡೂ ತುದಿಗೆ ಆಡಿಸುತ್ತಾ ಇದನ್ನು ನೋಡುವುದಕ್ಕೇ ನನಗೆ ಎರಡು ದಿನ ಹಿಡಿಯಿತು.

ಅಂಗಡಿಯ ಪಿವಿಸಿ ವೈರ್ ಸುಟ್ಟರೆ ವಿಷದ ಹೊಗೆ ಬರುತ್ತದೆ. ಟೆಫ್‌ಜೆಲ್ ಎಂಬ ಶಾಖ ತಾಳುವ ಪ್ಲಾಸ್ಟಿಕ್ ಹೊದಿಕೆಯದನ್ನೇ ತರಿಸಿ. ಎಡತುದಿಗೆ ಕೆಂಪು, ಬಲತುದಿಗೆ ಹಸಿರು, ನೇರ ಮುಂದಿನಿಂದ ತಂತಮ್ಮ ಪಕ್ಕಕ್ಕೆ 110 ಡಿಗ್ರಿಯವರೆಗೆ ಕಾಣಬೇಕು. ಬಾಲದ ಬಿಳಿ ದೀಪ ಉಳಿದ 140 ಡಿಗ್ರಿಗೆ.

ಚಿಕ್ಕಮಗಳೂರಿನಿಂದ ಉತ್ತರ:
ಮೇಲಿನವರ ಮಾತು ಸರಿ. ಒಂದನ್ನು ಸೇರಿಸುತ್ತೇನೆ. ಸೂರ್ಯಾಸ್ತದ ಬಳಿಕ ಹೊರಗಿನ ನೋಟವನ್ನೇ ನಂಬಿ ನಡೆಸುವ ಹಾರಾಟಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲದ ಕಾರಣ, ನಿಮ್ಮ ದೀಪಗಳ ಮುಖ್ಯ ಕೆಲಸ ಹಗಲಿನಲ್ಲಿ ಇತರರಿಗೆ ಕಾಣಿಸಿಕೊಳ್ಳುವುದೇ. ಹಣ ಒಂದಕ್ಕೇ ಸಾಲುವುದಾದರೆ ಮಿನುಗುವ ಸ್ಟ್ರೋಬ್ ತೆಗೆದುಕೊಳ್ಳಿ. ನಮ್ಮ ವಿಮಾನದಲ್ಲಿ ಎಲ್‌ಇಡಿ ಸ್ಟ್ರೋಬ್ ಮಿನುಗಿದಾಗಲೆಲ್ಲ ಹೆಡ್‌ಸೆಟ್ಟಿನಲ್ಲಿ ಟಕ್ ಟಕ್ ಸದ್ದು ಬರುತ್ತಿತ್ತು. ಜಾಲರಿ ಹೊದಿಕೆಯ ವೈರ್ ಹಾಕಿ, ಆ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದ ಮೇಲೆ ನಿಂತಿತು. ದೀಪ ಹೊತ್ತಿಸಿಟ್ಟು ದಿಕ್ಸೂಚಿಯನ್ನು ಮತ್ತೆ ಪರೀಕ್ಷಿಸಿ. ಬಾಲದಲ್ಲಿ ಸೇರಿದ ಸಣ್ಣ ತೂಕವೂ ಗುರುತ್ವಕೇಂದ್ರವನ್ನು ಹಿಂದಕ್ಕೆ ಸರಿಸುವುದರಿಂದ ವಿಮಾನವನ್ನು ಹೊಸದಾಗಿ ತೂಗಿಸಿ. ಹಾರಾಟದ ಅನುಮತಿ ಕೊಟ್ಟವರಿಗೆ ಡ್ರಿಲ್ ಹಿಡಿಯುವ ಮುಂಚೆಯೇ ಪತ್ರ ಬರೆಯಿರಿ.