ರಾಮಪತ್ರೆಯಂಥ ಮರಗಳಿಗೆ ಬೀಜ ಬ್ಯಾಂಕಿನಿಂದ ಪ್ರಯೋಜನವಿದೆಯೇ?

ಕಾನಂಚು (ವಿಜಯನಗರ, ಬೆಂಗಳೂರು):
ನಮ್ಮ ಊರು ಸಿದ್ದಾಪುರ ತಾಲ್ಲೂಕಿನಲ್ಲಿದೆ. ಕಳೆದ ಮುಂಗಾರಿನ ಆರಂಭದಲ್ಲಿ ನಮ್ಮ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಿಂದ, ಜಾಯಿಕಾಯಿಯ ಕುಟುಂಬದ ಕಾಡುಮರವಾದ ರಾಮಪತ್ರೆಯ ಬೀಜಗಳನ್ನು ತಂದು, ಅವುಗಳಿಗೆ ಸುತ್ತಿಕೊಂಡಿರುವ ಪತ್ರೆ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆ. ಎರಡು ತಿಂಗಳ ನಂತರ ತೆಗೆದಾಗ ಒಳಗಿನ ತಿರುಳು ಸುರುಟಿಹೋಗಿ, ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದಾಗುತ್ತಿತ್ತು. ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಅದೇ ಡಬ್ಬಿಯಲ್ಲಿದ್ದ ಶ್ರೀಗಂಧದ ಬೀಜಗಳು ಕುಂಡದಲ್ಲಿ ಚೆನ್ನಾಗಿ ಹುಟ್ಟಿವೆ. ಅಳಿವಿನಂಚಿನ ಸಸ್ಯಗಳನ್ನು ಬೀಜ ಬ್ಯಾಂಕುಗಳು ಉಳಿಸುತ್ತವೆ ಎಂದು ಓದುತ್ತಲೇ ಇರುತ್ತೇನೆ. ಹಾಗಾದರೆ ರಾಮಪತ್ರೆಯ ಗತಿಯೇನು?

ಸಸ್ಯಶಾಸ್ತ್ರ ಬೋಧಕಿ (ಬಸವನಗುಡಿ):
ತಪ್ಪು ನಿಮ್ಮದಲ್ಲ, ಆ ಬೀಜದ ಸ್ವಭಾವವೇ ಬೇರೆ. ರಾಗಿ, ಶ್ರೀಗಂಧ ಮತ್ತು ಬಯಲುಸೀಮೆಯ ಹೆಚ್ಚಿನ ಗಿಡಗಳ ಬೀಜಗಳು ಒಣಗಿದರೂ ಜೀವ ಹಿಡಿದುಕೊಂಡಿರುತ್ತವೆ. ಅಂಥ ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ, ಅಥವಾ ಅದನ್ನಿಟ್ಟ ಜಾಗದ ಉಷ್ಣಾಂಶ ಸುಮಾರು 5 ಡಿಗ್ರಿ ಇಳಿದರೆ, ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಹಳೆಯ ಲೆಕ್ಕದ ಮೇಲೆಯೇ ಬೀಜ ಬ್ಯಾಂಕುಗಳು ನಿಂತಿವೆ. ಇಂಗ್ಲೆಂಡಿನ ವೇಕ್‌ಹರ್ಸ್ಟ್‌ನಲ್ಲಿ ಕ್ಯೂ ಸಸ್ಯೋದ್ಯಾನವು 2000ದಲ್ಲಿ ತೆರೆದ ಮಿಲೆನಿಯಂ ಬೀಜ ಬ್ಯಾಂಕಿನಲ್ಲಿ ಕಾಡುಸಸ್ಯಗಳ ಬೀಜಗಳನ್ನು 15 ಡಿಗ್ರಿ ಉಷ್ಣಾಂಶ, ಶೇಕಡಾ 15ರ ಆರ್ದ್ರತೆಯಿರುವ ಕೋಣೆಯಲ್ಲಿ ಒಣಗಿಸಿ, ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. (ಪತ್ರಿಕೆಗಳಲ್ಲಿ ಹೆಚ್ಚು ಕಾಣುವ ನಾರ್ವೆಯ ಸ್ವಾಲ್‌ಬಾರ್ಡ್ ಭಂಡಾರ ಇರುವುದು ಬೆಳೆಗಳ ಬೀಜಕ್ಕೆ.)

ರಾಮಪತ್ರೆ, ಹಲಸು, ಸಾಲುಧೂಪಗಳ ಬೀಜಗಳಿಗೆ ಈ ದಾರಿ ಇಲ್ಲ. ತೇವದ ಕಾಡಿನಲ್ಲಿ ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯಲು ಸಿದ್ಧವಾಗಿರುವ ಅವು ಒಣಗಿದರೆ ಸಾಯುತ್ತವೆ. ಹಸಿಯಾಗಿಯೇ ಶೈತ್ಯದಲ್ಲಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಹರಿದುಹೋಗುತ್ತವೆ. ಭ್ರೂಣವನ್ನಷ್ಟೇ ಬಿಡಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಡುವ ವಿಧಾನವೊಂದಿದೆ, ಆದರೆ ಅದನ್ನು ಪ್ರತಿ ಪ್ರಭೇದಕ್ಕೂ ಬೇರೆಯಾಗಿಯೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕು. ಸದ್ಯಕ್ಕೆ ರಾಮಪತ್ರೆಯ ಬ್ಯಾಂಕು ಎಂದರೆ ನಿಮ್ಮ ತಾಲ್ಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳೇ, ಅಂದರೆ ಹಳ್ಳದ ನೀರಿನಿಂದ ಜವುಗಾಗಿರುವ ಕಾಡುಗಳೇ. ಅಲ್ಲಿನ ಹಳ್ಳದ ನೀರನ್ನು ತೋಟಕ್ಕೆ ತಿರುಗಿಸಿಬಿಟ್ಟರೆ ಯಾವ ಶೀತಲಗೃಹವೂ ಆ ಮರವನ್ನು ಹಿಂದಿರುಗಿಸಲಾರದು.

ಬೀಜ ಸಂಗ್ರಾಹಕ (ಯಲಹಂಕ):
ಮೇಲಿನ ಮಾತಿಗೆ ಒಂದು ಸೇರ್ಪಡೆ. ಒಣಗುವ ಬೀಜಗಳಲ್ಲಿಯೂ ಎಷ್ಟು ಬೀಜ ಎನ್ನುವುದಕ್ಕಿಂತ ಎಷ್ಟು ತಾಯಿಗಿಡಗಳಿಂದ ಬಂದದ್ದು ಎನ್ನುವುದೇ ಮುಖ್ಯ. ಒಂದೇ ಮರದ ಸಾವಿರ ಬೀಜ ತುಂಬಿಟ್ಟರೆ ಆ ಸಸ್ಯದ ವೈವಿಧ್ಯ ಉಳಿಯುವುದಿಲ್ಲ. ಸಾಧ್ಯವಿದ್ದರೆ 50 ಗಿಡಗಳಿಂದ ಆರಿಸಬೇಕು, ಅಂದು ಮಾಗಿರುವ ಬೀಜದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಮುಟ್ಟಬಾರದು. ಕಾಲಕಾಲಕ್ಕೆ ಕೆಲವನ್ನು ಮೊಳಕೆಗಿಟ್ಟು ಪರೀಕ್ಷಿಸದಿದ್ದರೆ, ಸತ್ತ ಬೀಜಗಳನ್ನೇ ಜೋಪಾನ ಮಾಡುತ್ತಿದ್ದೇವೆಂಬುದು ತಿಳಿಯುವುದೇ ಇಲ್ಲ.

ಕಾನಂಚು:
ಇಬ್ಬರಿಗೂ ಕೃತಜ್ಞತೆಗಳು. ಮುಂದಿನ ಮಳೆಗಾಲದಲ್ಲಿ ಬೀಜಗಳನ್ನು ಬೆಂಗಳೂರಿಗೆ ತರದೆ, ಹಳ್ಳದ ಪಕ್ಕದಲ್ಲೇ ಒದ್ದೆ ಮರಳಿನ ಪಾತಿ ಮಾಡಿ ಊರುತ್ತೇನೆ. ಶ್ರೀಗಂಧದ ಸಸಿಗಳು ನಾಲ್ಕು ಎಲೆಗಳಿಗೇ ನಿಂತುಬಿಟ್ಟಿವೆ, ಏನು ಮಾಡಲಿ?

ಬೀಜ ಸಂಗ್ರಾಹಕ:
ಶ್ರೀಗಂಧವು ಪಕ್ಕದ ಗಿಡದ ಬೇರಿನಿಂದ ಆಹಾರ ಪಡೆಯುವ ಮರ. ಕುಂಡದಲ್ಲಿ ಜೊತೆಗೆ ಎರಡು ತೊಗರಿ ಕಾಳು ಹಾಕಿ. ತೊಗರಿ ಎತ್ತರಕ್ಕೆ ಹೋಗಿ ನೆರಳು ಮಾಡಿದರೆ ಕುಡಿ ಚಿವುಟಿ, ಕೀಳಬೇಡಿ.